ನಿದ್ರೆಯಲ್ಲಿ ಕಟ್ಟುವ ಉಸಿರು
ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆಯ ಬುಡ ಹಾಗೂ ಮೃದು ಅಂಗುಳು ಹಿಂದಕ್ಕೆ ಕುಸಿದು ಶ್ವಾಸಮಾರ್ಗವನ್ನು ಮುಚ್ಚಿದಾಗ, ಎದೆ ಉಸಿರಿಗಾಗಿ ಶ್ರಮಿಸುತ್ತಿದ್ದರೂ ಗಾಳಿ ಒಳಹೋಗದ ಸ್ಥಿತಿಯನ್ನು ವೈದ್ಯಶಾಸ್ತ್ರವು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಎಂದು ಗುರುತಿಸುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದ್ದಂತೆ ಮಿದುಳು ಅರೆಕ್ಷಣ ಎಚ್ಚೆತ್ತು ದಾರಿ ತೆರೆಸುತ್ತದೆಯಾದರೂ, ಬೆಳಿಗ್ಗೆ ಅದರ ನೆನಪು ಉಳಿಯುವುದು ಅಪರೂಪವಾದ್ದರಿಂದ, ರೋಗವನ್ನು ಮೊದಲು ಗಮನಿಸುವವರು ಬಹುಮಟ್ಟಿಗೆ ಪಕ್ಕದಲ್ಲಿ ಮಲಗಿದವರೇ. ಜೋರು ಗೊರಕೆಯನ್ನು ಸುಖನಿದ್ರೆಯೆಂದು ಭಾವಿಸುವ ರೂಢಿಯಂತೂ ಚಿಕಿತ್ಸೆಯನ್ನು ಇನ್ನಷ್ಟು ತಡಮಾಡುತ್ತದೆ.

ಮಿದುಳಿನ ತರಂಗ, ಉಸಿರು, ಆಮ್ಲಜನಕಗಳನ್ನು ರಾತ್ರಿಯಿಡೀ ದಾಖಲಿಸುವ ಪಾಲಿಸೋಮ್ನೋಗ್ರಫಿ ಪರೀಕ್ಷೆಯಲ್ಲಿ, ಉಸಿರು ಕನಿಷ್ಠ 10 ಸೆಕೆಂಡು ನಿಂತ ಅಥವಾ ಕುಗ್ಗಿದ ಘಟನೆಗಳು ವಯಸ್ಕರಲ್ಲಿ ಗಂಟೆಗೆ ಸರಾಸರಿ 30 ಅಥವಾ ಹೆಚ್ಚಿದ್ದರೆ ರೋಗ ತೀವ್ರವೆನಿಸುತ್ತದೆ.

ತೀವ್ರ ರೋಗಿಗಳಿಗೆ ಒಂದು ಕಾಲದಲ್ಲಿ ಕುತ್ತಿಗೆಯಲ್ಲಿ ರಂಧ್ರ ಮಾಡುವ ಟ್ರೇಕಿಯಾಸ್ಟಮಿಯೇ ಖಚಿತ ಪರಿಹಾರವಾಗಿತ್ತು. 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಸಹೋದ್ಯೋಗಿಗಳು, ಮೂಗಿನ ಮೂಲಕ ಸತತ ಒತ್ತಡದ ಗಾಳಿ ಹಾಯಿಸಿ ಗಂಟಲು ಕುಸಿಯದಂತೆ ತಡೆಯುವ ಸಿಪ್ಯಾಪ್ ವಿಧಾನವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಯಂತ್ರವು ರೋಗವನ್ನು ಬುಡಸಹಿತ ಕೀಳುವುದಿಲ್ಲ, ಧರಿಸಿದಷ್ಟು ಹೊತ್ತು ದಾರಿ ತೆರೆದಿಡುತ್ತದೆ ಅಷ್ಟೆ; ಮುಖವಾಡ ಒಗ್ಗದೆ ಕಪಾಟು ಸೇರಿದ ಯಂತ್ರದಿಂದ ಪ್ರಯೋಜನವಿಲ್ಲ. ತೂಕ ಇಳಿಕೆ, ಮದ್ಯವರ್ಜನೆ, ಮಗ್ಗುಲಾಗಿ ಮಲಗುವ ಅಭ್ಯಾಸ ನೆರವಾಗುತ್ತವೆ. ಸೌಮ್ಯ ಮತ್ತು ಮಧ್ಯಮ ಹಂತಗಳಲ್ಲಿ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ದಂತಸಾಧನವೂ ಉಂಟು.