ಅಂಟಕ್ಕಿ ಹಿಟ್ಟಿನಿಂದ ಮನೆಯಲ್ಲೇ ಗ್ಲುಟೆನ್‌ರಹಿತ ವಾಫಲ್

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇರುತ್ತದೆ. ಸೀಲಿಯಾಕ್ ಕಾಯಿಲೆ ಇರುವವರು ಇದನ್ನು ಸೇವಿಸಿದಾಗ ಅವರ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾನಿಗೊಳಿಸುತ್ತದೆ. ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು, ರಕ್ತಹೀನತೆ, ಪದೇ ಪದೇ ಭೇದಿ, ಹೊಟ್ಟೆಯುಬ್ಬರ ಇದರ ಸಾಮಾನ್ಯ ಲಕ್ಷಣಗಳು. ಜೀವನಪರ್ಯಂತ ಗ್ಲುಟೆನ್‌ರಹಿತ ಆಹಾರ ಸೇವಿಸುವುದೇ ಇದಕ್ಕೆ ಚಿಕಿತ್ಸೆ. ಗೋಧಿಯನ್ನು ಹೆಚ್ಚಾಗಿ ಬಳಸುವ ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಈ ಕಾಯಿಲೆ ವಿರಳ. ವಿರಳವಾದುದರಿಂದಲೇ ನಮ್ಮ ಅಡುಗೆಮನೆಗಳಿಗೆ ಅದು ಬೇಡುವ ಶಿಸ್ತಿನ ಅಭ್ಯಾಸವಿಲ್ಲ.

ನನ್ನ ತಂಗಿಯ ಮಗಳಿಗೆ ಎಂಟನೆಯ ವಯಸ್ಸಿನಲ್ಲಿ ಈ ಕಾಯಿಲೆ ಪತ್ತೆಯಾಯಿತು. ಇಡ್ಲಿ, ಅಕ್ಕಿ ರೊಟ್ಟಿ, ರಾಗಿ ಮುದ್ದೆ ಉಣ್ಣುವ ಮನೆಯಲ್ಲಿ ಇದೇನು ದೊಡ್ಡ ಕಷ್ಟ ಎಂದು ನಾವೆಲ್ಲ ಭಾವಿಸಿದೆವು. ಕಷ್ಟ ಎದುರಾದದ್ದು ಊಟದ ಎಲೆಯಲ್ಲಲ್ಲ, ಗೆಳತಿಯರ ಹುಟ್ಟುಹಬ್ಬಗಳಲ್ಲಿ. ಕೇಕು, ಬಿಸ್ಕತ್ತು, ವಾಫಲ್ ಎಲ್ಲವೂ ಮೈದಾ ಹಿಟ್ಟಿನವು. ವಾಫಲ್ ಬೇಕೆಂದು ಆಕೆ ಕೇಳಿದಾಗ ನಾನು ಧೈರ್ಯವಾಗಿ ಸೋನಾ ಮಸೂರಿ ಅಕ್ಕಿಯ ಹಿಟ್ಟಿನಲ್ಲೇ ಮಾಡಿಕೊಟ್ಟೆ. ಬಿಸಿಯಿದ್ದಾಗ ಪುಡಿಪುಡಿಯಾಯಿತು, ಆರಿದ ಮೇಲೆ ಹೆಂಚಿನ ಚೂರಿನಂತಾಯಿತು. ಯಾವ ಅಕ್ಕಿಯಲ್ಲಿ ಯಾವ ಪಿಷ್ಟ ಎಷ್ಟಿದೆ ಎಂದು ಮೂರು ದಶಕಗಳಿಂದ ಪಾಠ ಹೇಳುತ್ತಿರುವವನಿಗೆ ಒಲೆಯ ಮುಂದೆ ಅದೇ ಪಾಠ ಮರೆತುಹೋಗಿತ್ತು. ಆ ಪಾಠವನ್ನು ಇಲ್ಲಿ ಪಾಕವಿಧಾನದೊಡನೆ ಸೇರಿಸಿ ನಿಮ್ಮ ಮುಂದಿಡುತ್ತಿದ್ದೇನೆ.

ಸಿಹಿಯೂ ಇಲ್ಲ, ಗ್ಲುಟೆನ್ನೂ ಇಲ್ಲ

ಪೇಟೆಯಲ್ಲಿ ಇಂಗ್ಲಿಷಿನಲ್ಲಿ ‘ಸ್ವೀಟ್ ರೈಸ್ ಫ್ಲೋರ್’ ಅಥವಾ ‘ಗ್ಲುಟಿನಸ್ ರೈಸ್ ಫ್ಲೋರ್’ ಎಂದು ಮುದ್ರಿತವಾದ ಪೊಟ್ಟಣಗಳು ದೊರೆಯುತ್ತವೆ. ಎರಡೂ ಹೆಸರುಗಳು ದಾರಿ ತಪ್ಪಿಸುವಂಥವು. ಈ ಅಕ್ಕಿ ಸಿಹಿಯಾಗಿರುವುದಿಲ್ಲ. ಪೂರ್ವ ಏಷ್ಯಾದಲ್ಲಿ ಇದನ್ನು ಸಿಹಿ ತಿನಿಸುಗಳಿಗೆ ಹೆಚ್ಚಾಗಿ ಬಳಸುವುದರಿಂದ ಆ ಹೆಸರು ಬಂದಿದೆ. ‘ಗ್ಲುಟಿನಸ್’ ಎಂದರೆ ಇಲ್ಲಿ ಅಂಟುವ ಗುಣವುಳ್ಳದ್ದು ಎಂದಷ್ಟೇ ಅರ್ಥ. ಅಂಟು ಎಂಬರ್ಥದ ಲ್ಯಾಟಿನ್ ಪದವೇ ಎರಡಕ್ಕೂ ಮೂಲ. ಆ ಪದವನ್ನು ಕಂಡು ಸೀಲಿಯಾಕ್ ಮಕ್ಕಳ ತಾಯಂದಿರು ಪೊಟ್ಟಣವನ್ನು ಹಾಗೆಯೇ ಅಂಗಡಿಯಲ್ಲಿ ಇಟ್ಟುಬರುವುದುಂಟು. ಯಾವ ಅಕ್ಕಿಯಲ್ಲೂ ಗೋಧಿಯ ಗ್ಲುಟೆನ್ ಇಲ್ಲ. ಈ ಲೇಖನದಲ್ಲಿ ಇದನ್ನು ಅಂಟಕ್ಕಿ ಎಂದೇ ಕರೆಯೋಣ.

ಅಂಟಿನ ಗುಟ್ಟು ಪಿಷ್ಟದಲ್ಲಿದೆ. ಅಕ್ಕಿಯ ಪಿಷ್ಟದಲ್ಲಿ ಎರಡು ಅಂಶಗಳಿವೆ: ಬಹುಮಟ್ಟಿಗೆ ನೇರವಾದ ಸರಪಳಿಯ ಅಮೈಲೋಸ್ ಮತ್ತು ಮರದಂತೆ ಕವಲೊಡೆದ ಅಮೈಲೋಪೆಕ್ಟಿನ್. ಉದುರುದುರಾಗಿ ಬೇಯುವ ಅಕ್ಕಿಗಳಲ್ಲಿ ಅಮೈಲೋಸ್ ಪ್ರಮಾಣ ಶೇಕಡಾ 20ರಿಂದ 25, ಕೆಲವು ತಳಿಗಳಲ್ಲಿ ಅದಕ್ಕಿಂತಲೂ ಹೆಚ್ಚು. ಅಂಟಕ್ಕಿಯಲ್ಲಿ ಅದು ಶೇಕಡಾ 2ನ್ನು ಮೀರುವುದಿಲ್ಲ, ಉಳಿದದ್ದೆಲ್ಲ ಅಮೈಲೋಪೆಕ್ಟಿನ್. ಭತ್ತದ 6ನೆಯ ವರ್ಣತಂತುವಿನಲ್ಲಿರುವ ‘ವ್ಯಾಕ್ಸಿ’ ಎಂಬ ವಂಶವಾಹಿಯು ಅಮೈಲೋಸ್ ತಯಾರಿಸುವ ಕಿಣ್ವವನ್ನು ನಿಯಂತ್ರಿಸುತ್ತದೆ. ಅದು ಕೆಲಸ ನಿಲ್ಲಿಸಿದ ತಳಿಗಳೇ ಅಂಟಕ್ಕಿ ತಳಿಗಳು.

ಬೆಂದ ಪಿಷ್ಟ ಆರುವಾಗ ಅಮೈಲೋಸಿನ ನೇರ ಸರಪಳಿಗಳು ಒಂದರ ಪಕ್ಕದಲ್ಲೊಂದು ಬೇಗನೆ ಜೋಡಿಸಿಕೊಂಡು ಗಟ್ಟಿಯಾಗುತ್ತವೆ. ಬೆಳಿಗ್ಗೆ ಮಾಡಿದ ಅಕ್ಕಿ ರೊಟ್ಟಿ ಮಧ್ಯಾಹ್ನಕ್ಕೆ ಬಿರುಸಾಗುವುದು ಇದರಿಂದಲೇ. ಅಮೈಲೋಪೆಕ್ಟಿನ್ನಿನ ಕವಲುಗಳು ಹಾಗೆ ಸುಲಭವಾಗಿ ಜೋಡಿಸಿಕೊಳ್ಳಲಾರವು. ಅವು ನೀರನ್ನು ಹಿಡಿದಿಟ್ಟುಕೊಂಡು ಗಂಟೆಗಟ್ಟಲೆ ಮೃದುವಾಗಿ, ಎಳೆದರೆ ಹಿಗ್ಗುವಂತೆ ಉಳಿಯುತ್ತವೆ. ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಜಾಲವು ಕೊಡುವ ಹಿಗ್ಗುವಿಕೆಗೆ ಸಮೀಪದ ಅನುಭವವನ್ನು ಇಲ್ಲಿ ಪಿಷ್ಟವೇ ಕೊಡುತ್ತದೆ. ಆದುದರಿಂದ ಅಂಟಕ್ಕಿಯ ವಾಫಲ್ ಮೈದಾ ವಾಫಲಿನ ನಕಲಲ್ಲ. ಹೊರಗೆ ಗರಿಗರಿ, ಒಳಗೆ ಹಲ್ಲಿಗೆ ಒತ್ತು ಕೊಡುವ ಅಗಿಯುವ ಗುಣ ಅದರ ಸ್ವಂತ ಲಕ್ಷಣ.

ಜಪಾನಿನಲ್ಲಿ ಅಂಟಕ್ಕಿಯನ್ನು ಹಬೆಯಲ್ಲಿ ಬೇಯಿಸಿ ಕುಟ್ಟಿ ಮಾಡುವ ಮೋಚಿ ಎಂಬ ಖಾದ್ಯವನ್ನೇ ವಾಫಲ್ ಯಂತ್ರದಲ್ಲಿ ಒತ್ತಿ ತಿನ್ನುವುದುಂಟು. ಅದಕ್ಕೆ ಅಲ್ಲಿ ಮೊಫಲ್ ಎನ್ನುತ್ತಾರೆ. ಹಿಟ್ಟು, ಹಾಲು, ಬೆಣ್ಣೆ ಕಲಸಿ ಮಾಡುವ ಕ್ರಮಕ್ಕೆ ಹವಾಯಿ ದ್ವೀಪಗಳ ಬೆಣ್ಣೆ ಮೋಚಿ ಹತ್ತಿರದ ಬಂಧು. ಅಮೆರಿಕದಲ್ಲಿ ಈ ಹಿಟ್ಟು ಮನೆಮಾತಾದುದರ ಹಿಂದೆ ಒಂದು ಕೃಷಿಕ ಕುಟುಂಬವಿದೆ. ಜಪಾನಿನಿಂದ ವಲಸೆ ಹೋದ ಕೆಯ್ಸಬುರೋ ಕೋಡಾ ಅವರು ಕ್ಯಾಲಿಫೋರ್ನಿಯಾದ ಸೌತ್ ಡೋಸ್ ಪಾಲೋಸ್ ಬಳಿ ಭತ್ತದ ಕೃಷಿ ಆರಂಭಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇತರ ಜಪಾನ್ ಮೂಲದವರಂತೆ ಈ ಕುಟುಂಬವೂ ನಿರ್ಬಂಧ ಶಿಬಿರದಲ್ಲಿ ಇರಬೇಕಾಯಿತು. ಮರಳಿ ಬಂದು ಮತ್ತೆ ಕಟ್ಟಿದ ಕೃಷಿಯಿಂದಲೇ ‘ಮೋಚಿಕೊ’ ಹಿಟ್ಟು ದೇಶದ ಅಂಗಡಿಗಳನ್ನು ತಲುಪಿತು.

ಅಂಟಕ್ಕಿಯನ್ನು ಗುರುತಿಸುವ ಬಗೆ

ಆಮದಾದ ಹಿಟ್ಟು ನಮ್ಮಲ್ಲಿ ದುಬಾರಿ. ಅದನ್ನೇ ಕೊಳ್ಳಬೇಕೆಂದಿಲ್ಲ. ಅಸ್ಸಾಮಿನ ಬೋರಾ ಅಕ್ಕಿ ಅಂಟಕ್ಕಿಯೇ. ಅಲ್ಲಿ ಬಿಹು ಹಬ್ಬದ ಪಿಠಾ ಮಾಡುವುದು ಇದರಿಂದ. 2020ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಮಣಿಪುರದ ಚಾಖಾವೊ ಕಪ್ಪಕ್ಕಿಯೂ ಅಂಟುಗುಣದ್ದು. ಬಣ್ಣ ಮತ್ತು ಪರಿಮಳ ಬೇಕೆನ್ನುವವರು ಅದನ್ನು ಕಾಲು ಭಾಗ ಬೆರೆಸಬಹುದು.

ಮಾರಾಟಗಾರರ ಮಾತಿನ ಮೇಲೆ ಸಂಶಯವಿದ್ದರೆ ಮನೆಯಲ್ಲೇ ಪರೀಕ್ಷಿಸಿ. ಒಣಗಿದ ಅಂಟಕ್ಕಿ ಕಾಳು ಸುಣ್ಣದಂತೆ ಬಿಳುಪಾಗಿ ಅಪಾರದರ್ಶಕವಾಗಿರುತ್ತದೆ. ಸಾಮಾನ್ಯ ಅಕ್ಕಿಯಲ್ಲಿ ಕಾಳಿನ ಮೂಲಕ ಬೆಳಕು ಸ್ವಲ್ಪ ಹಾಯುತ್ತದೆ. ಇದಕ್ಕಿಂತ ಖಚಿತವಾದುದು ಅಯೋಡಿನ್ ಪರೀಕ್ಷೆ. ಕಾಳನ್ನು ಅಡ್ಡಲಾಗಿ ಕತ್ತರಿಸಿ, ನೀರು ಬೆರೆಸಿ ತಿಳಿಯಾಗಿಸಿದ ಟಿಂಕ್ಚರ್ ಅಯೋಡಿನ್ನಿನ ಒಂದು ಹನಿಯನ್ನು ಕತ್ತರಿಸಿದ ಮುಖಕ್ಕೆ ಹಾಕಿ. ಸಾಮಾನ್ಯ ಅಕ್ಕಿ ಕಡು ನೀಲಿಗೆ ತಿರುಗುತ್ತದೆ, ಅಂಟಕ್ಕಿ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ. ಹತ್ತು ಕಾಳುಗಳಲ್ಲಿ ಮೂರು ನಾಲ್ಕು ನೀಲಿಯಾದರೆ ಅದು ಬೆರಕೆ ಅಕ್ಕಿ. ಪರೀಕ್ಷಿಸಿದ ಕಾಳುಗಳನ್ನು ಎಸೆದುಬಿಡಿ.

ಇದನ್ನು ಇಲ್ಲಿಯೇ ಬೆಳೆಯಬಹುದೇ ಎಂದು ರೈತರು ಕೇಳುತ್ತಾರೆ. ಅಂಟುಗುಣವು ಅಪ್ರಬಲ ಲಕ್ಷಣ. ಪಕ್ಕದ ಗದ್ದೆಯ ಸಾಮಾನ್ಯ ಭತ್ತದ ಪರಾಗ ತಾಗಿದರೆ ಅದೇ ಫಸಲಿನ ಕಾಳೇ ಅಂಟು ಕಳೆದುಕೊಳ್ಳುತ್ತದೆ. ಭತ್ತದಲ್ಲಿ ಸ್ವಕೀಯ ಪರಾಗಸ್ಪರ್ಶವೇ ಹೆಚ್ಚಾದುದರಿಂದ 3 ಮೀಟರ್ ಅಂತರ ಸಾಕಾಗುತ್ತದೆ; ಕಣದಲ್ಲಿ ಮತ್ತು ಗಿರಣಿಯಲ್ಲಿ ಆಗುವ ಬೆರಕೆಯೇ ದೊಡ್ಡ ಸಮಸ್ಯೆ. ಈಶಾನ್ಯದ ನಾಟಿ ತಳಿಗಳಲ್ಲಿ ಹಲವು ಹಗಲಿನ ಅವಧಿಗೆ ಸ್ಪಂದಿಸುವಂಥವು. ಆದ್ದರಿಂದ ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳದೆ ಒಂದೆರಡು ಗುಂಟೆಗಿಂತ ಹೆಚ್ಚಿಗೆ ಹಾಕಬೇಡಿ ಎಂಬುದು ನನ್ನ ಸಲಹೆ.

ಹಿಟ್ಟು ಮಾಡಿಸುವಾಗ ಎಚ್ಚರ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್‌ರಹಿತವೆಂದು ಮಾರುವಂತಿಲ್ಲ. ಮಾಮೂಲಿ ಗೋಧಿ ಹಿಟ್ಟಿನಲ್ಲಿ ಕಿಲೋಗೆ ಹತ್ತಾರು ಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ ಒಂದು ಕಿಲೋ ಅಕ್ಕಿ ಹಿಟ್ಟಿಗೆ ಅರ್ಧ ಚಹಾ ಚಮಚೆಯಷ್ಟು ಗೋಧಿ ಹಿಟ್ಟು ಸೇರಿದರೂ ಮಿತಿ ದಾಟಿಹೋಗುತ್ತದೆ. ಊರಿನ ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಅಕ್ಕಿ ಹಾಕುತ್ತಾರೆ. ಮೊದಲ ಹಿಡಿ ಹಿಟ್ಟನ್ನು ಬಿಟ್ಟು ಉಳಿದದ್ದನ್ನು ಒಯ್ದರೆ ಸಾಕೆಂದು ನಾವೂ ಮೂರು ತಿಂಗಳು ಹಾಗೆಯೇ ಮಾಡಿದೆವು. ಮಗುವಿನ ಹೊಟ್ಟೆನೋವು ನಿಲ್ಲಲಿಲ್ಲ. ಮಿಕ್ಸಿಯಲ್ಲಿ ಮನೆಯಲ್ಲೇ ಹಿಟ್ಟು ಮಾಡಲಾರಂಭಿಸಿದ ಬಳಿಕ ನಿಂತಿತು.

ಹೀಗಾಗಿ ಅಂಟಕ್ಕಿಯನ್ನು ಆರಿಸಿ, ತೊಳೆದು, 4ರಿಂದ 6 ಗಂಟೆ ನೆನೆಸಿ, ನೀರು ಬಸಿದು, ಶುಭ್ರ ಬಟ್ಟೆಯ ಮೇಲೆ ನೆರಳಿನಲ್ಲಿ ಒಂದು ಗಂಟೆ ಹರವಿರಿ. ಕಜ್ಜಾಯಕ್ಕೆ ಮಾಡುವಂತೆ ಕೈಗೆ ತೇವ ತಾಗುವ ಹದದಲ್ಲಿ ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿಮಾಡಿ ಜರಡಿ ಹಿಡಿಯಿರಿ. ಜರಡಿಯೂ ಗೋಧಿ ಹಿಟ್ಟು ಮುಟ್ಟದ ಪ್ರತ್ಯೇಕ ಜರಡಿಯಾಗಿರಲಿ. ವಾಫಲ್ ಯಂತ್ರದ ವಿಷಯವೂ ಅಷ್ಟೆ. ಮೈದಾ ವಾಫಲ್ ಮಾಡಿದ ಯಂತ್ರದ ಚೌಕುಳಿಗಳ ಸಂದಿಯಲ್ಲಿ ಉಳಿದ ಕಣಗಳನ್ನು ಪೂರ್ತಿ ತೆಗೆಯುವುದು ಅಸಾಧ್ಯವೆಂದೇ ತಿಳಿಯಿರಿ. ಇದಕ್ಕೆ ಬೇರೆಯೇ ಯಂತ್ರ ಬೇಕು. ಬೇಕಿಂಗ್ ಪೌಡರಿನ ಡಬ್ಬಿಯ ಮೇಲೆ ಯಾವ ಪಿಷ್ಟ ಬೆರೆಸಿದೆ ಎಂಬುದನ್ನು ಓದಿ. ವಾಫಲಿಗೆ ಸಂಬಂಧಿಸದಿದ್ದರೂ ಒಂದು ಮಾತು: ಅಂಗಡಿಯ ಕೂಟು ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಇರುತ್ತದೆ. ಎಷ್ಟೋ ಮನೆಗಳಲ್ಲಿ ಗೋಧಿಯನ್ನು ಹೊರಗಿಟ್ಟರೂ ಸಾರಿನ ಒಗ್ಗರಣೆಯಲ್ಲಿ ಅದು ಒಳಗೆ ಬಂದಿರುತ್ತದೆ.

ತಯಾರಿಸುವ ವಿಧಾನ

ಇಲ್ಲಿ ಹೇಳುವ ಅಳತೆಯಿಂದ ಸುಮಾರು ನಾಲ್ಕು ವಾಫಲ್ ಆಗುತ್ತವೆ. ಅಂಟಕ್ಕಿಯ ಒಣ ಹಿಟ್ಟು 225 ಗ್ರಾಂ, ಸಕ್ಕರೆ 30 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಚಹಾ ಚಮಚೆ, ಉಪ್ಪು ಕಾಲು ಚಮಚೆ, ಏಲಕ್ಕಿ ಪುಡಿ ಒಂದು ಚಿಟಿಕೆ ಇವನ್ನು ಒಂದು ಪಾತ್ರೆಯಲ್ಲಿ ಬೆರೆಸಿಕೊಳ್ಳಿ. ಇನ್ನೊಂದರಲ್ಲಿ ಎರಡು ಮೊಟ್ಟೆ, 180 ಮಿಲಿಲೀಟರ್ ಉಗುರುಬೆಚ್ಚಗಿನ ಹಾಲು ಮತ್ತು ಕರಗಿಸಿದ 40 ಗ್ರಾಂ ಬೆಣ್ಣೆಯನ್ನು ಕದಡಿ. ಹಾಲು ತಣ್ಣಗಿದ್ದರೆ ಬೆಣ್ಣೆ ಹೆಪ್ಪುಗಟ್ಟಿ ಕಾಳುಕಾಳಾಗುತ್ತದೆ. ಎರಡನ್ನೂ ಸೇರಿಸಿ ಗಂಟಿಲ್ಲದಂತೆ ಕಲಸಿ. ಮೈದಾ ಹಿಟ್ಟನ್ನು ಹೆಚ್ಚು ಕಲಸಿದರೆ ಗ್ಲುಟೆನ್ ಬಿಗಿದು ವಾಫಲ್ ಗಟ್ಟಿಯಾಗುವ ಭಯವಿದೆ. ಇಲ್ಲಿ ಆ ಭಯವಿಲ್ಲ, ಎಷ್ಟು ಬೇಕಾದರೂ ಕಲಸಬಹುದು.

ಮನೆಯಲ್ಲಿ ಪುಡಿಮಾಡಿದ ತೇವದ ಹಿಟ್ಟಾದರೆ ನೆನೆಸುವ ಮೊದಲೇ 225 ಗ್ರಾಂ ಅಕ್ಕಿಯನ್ನು ತೂಗಿಕೊಳ್ಳಿ. ಹಿಟ್ಟು ಆಗಲೇ ನೀರು ಕುಡಿದಿರುವುದರಿಂದ 110 ಮಿಲಿಲೀಟರ್ ಹಾಲಿನಿಂದ ಆರಂಭಿಸಿ, ಹದ ನೋಡಿ ಉಳಿದದ್ದನ್ನು ಸೇರಿಸಿ. ಇಡ್ಲಿ ಹಿಟ್ಟಿಗಿಂತ ಸ್ವಲ್ಪ ತೆಳುವಾಗಿ, ಸೌಟಿನಿಂದ ಪಟ್ಟಿಯಂತೆ ಇಳಿಯುವುದು ಸರಿಯಾದ ಹದ. ಹದಿನೈದು ನಿಮಿಷ ಹಾಗೆಯೇ ಬಿಟ್ಟು, ಹುಯ್ಯುವ ಮುನ್ನ ಪ್ರತಿ ಸಲವೂ ತಳದಿಂದ ಕದಡಿ. ಅಕ್ಕಿ ಹಿಟ್ಟು ಬೇಗ ತಳ ಸೇರುತ್ತದೆ.

ಯಂತ್ರವನ್ನು ಚೆನ್ನಾಗಿ ಕಾಯಿಸಿ, ಎರಡೂ ಬದಿಗೆ ತುಪ್ಪ ಸವರಿ, ಹಿಟ್ಟು ಹುಯ್ದು ಮುಚ್ಚಿ. ಮೈದಾ ವಾಫಲಿಗಿಂತ ಇದು ಹೆಚ್ಚು ಹೊತ್ತು ಬೇಯಬೇಕು, 5ರಿಂದ 7 ನಿಮಿಷ. ದೀಪದ ಸೂಚನೆಯನ್ನು ನಂಬಬೇಡಿ, ಹಬೆಯನ್ನು ನೋಡಿ. ಹಬೆ ಬಹುತೇಕ ನಿಂತ ಮೇಲೆಯೇ ಮುಚ್ಚಳ ತೆರೆಯಬೇಕು. ಅವಸರಪಟ್ಟರೆ ವಾಫಲ್ ನಡುವೆ ಸೀಳಿ ಎರಡೂ ಬದಿಗೆ ಅಂಟಿಕೊಳ್ಳುತ್ತದೆ; ಅದನ್ನು ಕೆರೆದು ತೆಗೆಯುವುದು ಅರ್ಧ ಗಂಟೆಯ ಕೆಲಸ. ತೆಗೆದುದನ್ನು ತಟ್ಟೆಯಲ್ಲಿಡದೆ ತಂತಿಯ ಜಾಲರಿಯ ಮೇಲಿಡಿ. ತಟ್ಟೆಯಲ್ಲಿ ತನ್ನದೇ ಬೆವರಿನಿಂದ ತಳ ಮೆತ್ತಗಾಗುತ್ತದೆ.

ಮೊಟ್ಟೆ ತಿನ್ನದವರು ಅದರ ಬದಲು 80 ಗ್ರಾಂ ಗಟ್ಟಿ ಮೊಸರು ಮತ್ತು ಕಾಲು ಚಮಚೆ ಅಡುಗೆ ಸೋಡಾ ಬಳಸಬಹುದು. ಉಬ್ಬು ಕಡಿಮೆ, ಅಗಿಯುವ ಗುಣ ಹೆಚ್ಚು. ಅಂಟಕ್ಕಿ ಸಿಗದೇ ಹೋದರೆ ಸಾಮಾನ್ಯ ಅಕ್ಕಿ ಹಿಟ್ಟು ಎರಡು ಭಾಗಕ್ಕೆ ಸಾಬೂದಾನಿಯ ನುಣ್ಣನೆಯ ಹಿಟ್ಟು ಒಂದು ಭಾಗ ಸೇರಿಸಿ ಮಾಡಬಹುದು. ಬಿಸಿಯಾಗಿ ತಿಂದರೆ ಚೆನ್ನಾಗಿರುತ್ತದೆ, ಆದರೆ ಅಂಟಕ್ಕಿಗೆ ಸಮನಲ್ಲ.

ಯಾರು ಮಿತಿ ಪಾಲಿಸಬೇಕು

ಅಂಟಕ್ಕಿಯ ಪಿಷ್ಟ ಬಹುಬೇಗ ಜೀರ್ಣವಾಗಿ ರಕ್ತದಲ್ಲಿ ಸಕ್ಕರೆಯ ಮಟ್ಟವನ್ನು ಏರಿಸುತ್ತದೆ. ಮಧುಮೇಹ ಇರುವವರಿಗೆ ‘ಗ್ಲುಟೆನ್‌ರಹಿತ’ ಎಂಬ ಮಾತು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಅಗಿಯುವ ತಿನಿಸಾದುದರಿಂದ ಪುಟ್ಟ ಮಕ್ಕಳಿಗೂ ಹಲ್ಲಿಲ್ಲದ ಹಿರಿಯರಿಗೂ ಚಿಕ್ಕ ಚೂರುಗಳಾಗಿ ಕತ್ತರಿಸಿ ಕೊಡಬೇಕು. ಮನೆಯಲ್ಲಿ ಯಾರಿಗಾದರೂ ಸೀಲಿಯಾಕ್ ಇರಬಹುದೆಂಬ ಸಂಶಯವಿದ್ದಲ್ಲಿ ಪರೀಕ್ಷೆಗೆ ಮುನ್ನವೇ ಗೋಧಿ ನಿಲ್ಲಿಸಬೇಡಿ. ಗ್ಲುಟೆನ್ ಬಿಟ್ಟ ಮೇಲೆ ರಕ್ತಪರೀಕ್ಷೆಯಲ್ಲಿಯೂ ಕರುಳಿನ ಅಂಗಾಂಶ ಪರೀಕ್ಷೆಯಲ್ಲಿಯೂ ಕಾಯಿಲೆ ಕಾಣದೇ ಹೋಗಬಹುದು. ಮೊದಲು ವೈದ್ಯರು, ಆಮೇಲೆ ವಾಫಲ್.

ಉಳಿದ ವಾಫಲನ್ನು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಡಬೇಡಿ. ಆ ತಂಪಿನಲ್ಲಿ ಅಂಟಕ್ಕಿಯ ಪಿಷ್ಟವೂ ಬಿರುಸಾಗುತ್ತದೆ. ಪೂರ್ತಿ ಆರಿದ ಮೇಲೆ ಒಂದೊಂದನ್ನೇ ಕಾಗದದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಬೇಕಾದಾಗ ನೇರವಾಗಿ ಬಿಸಿ ಯಂತ್ರಕ್ಕೆ ಎರಡು ನಿಮಿಷ ಹಾಕಿದರೆ ಮತ್ತೆ ಮೊದಲಿನಂತಾಗುತ್ತದೆ. ನನ್ನ ಸೋದರ ಸೊಸೆ ಈಗ ಹುಟ್ಟುಹಬ್ಬಕ್ಕೆ ಹೋಗುವಾಗ ಹೀಗೆ ಸುತ್ತಿದ ಎರಡು ವಾಫಲನ್ನು ಡಬ್ಬಿಯಲ್ಲಿ ಒಯ್ಯುತ್ತಾಳೆ. ಹಿಂದಿರುಗುವಾಗ ಡಬ್ಬಿ ಖಾಲಿಯಿರುತ್ತದೆ, ಆದರೆ ಎರಡನ್ನೂ ಅವಳೇ ತಿಂದಿರುವುದಿಲ್ಲ.