ಜಾಲತಾಣದ ಹೆಸರು ಮತ್ತು ಪ್ರಮಾಣಪತ್ರ: ಪರದೆಯ ಎಚ್ಚರಿಕೆಯನ್ನು ಅರಿಯುವ ಬಗೆ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರ ಗಮನಕ್ಕೆ.

ನಮೂನೆ 9 ಮತ್ತು 11ರ ವಿತರಣೆ, ತೆರಿಗೆಯ ಲೆಕ್ಕ, ಕಾಮಗಾರಿಗಳ ಪಾವತಿ ಮೊದಲಾದ ಕಾರ್ಯಗಳು ಇಂದು ಇ-ಸ್ವತ್ತು, ಪಂಚತಂತ್ರ ಹಾಗೂ ಇ-ಗ್ರಾಮ ಸ್ವರಾಜ್ ತಂತ್ರಾಂಶಗಳ ಮೂಲಕ ನಡೆಯುತ್ತಿವೆ. ಯಾವುದೇ ಜಾಲತಾಣವನ್ನು ತೆರೆಯುವಾಗ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡಬಹುದು. ಕೆಲಸದ ಒತ್ತಡದಲ್ಲಿ ಅದನ್ನು ಕಡೆಗಣಿಸಿ ಮುಂದುವರಿದಲ್ಲಿ ಪಂಚಾಯತಿಯ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಅನ್ಯರ ಪಾಲಾಗಬಹುದು. ಗ್ರಾಮಸ್ಥರ ಆಸ್ತಿಯ ದಾಖಲೆಗಳಿಗೂ ಅದರಿಂದ ಅಪಾಯ. ಆದುದರಿಂದ ಈ ಎಚ್ಚರಿಕೆಯ ಹಿಂದಿನ ವ್ಯವಸ್ಥೆಯನ್ನು ಇಲ್ಲಿ ವಿವರಿಸಲಾಗಿದೆ.

ಒಂದು ವಿಳಾಸ, ಹಲವು ತಾಣಗಳು

ಅಂತರ್ಜಾಲದಲ್ಲಿರುವ ಸರ್ವರ್‌ಗಳನ್ನು ಅಂಕಿಗಳ ವಿಳಾಸದಿಂದ ಗುರುತಿಸಲಾಗುತ್ತದೆ. ಹಳೆಯ ಹಾಗೂ ಇಂದಿಗೂ ವ್ಯಾಪಕವಾಗಿರುವ ಪದ್ಧತಿಯಲ್ಲಿ ಇಂತಹ ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಆದಕಾರಣ ಒಂದೇ ವಿಳಾಸದಲ್ಲಿ ಹಲವು ಜಾಲತಾಣಗಳನ್ನು ಇರಿಸುವುದು ಸಾಮಾನ್ಯವಾಗಿದೆ. ತಾಲ್ಲೂಕು ಕೇಂದ್ರದಲ್ಲಿ ಒಂದೇ ಕಟ್ಟಡದೊಳಗೆ ಹಲವು ಇಲಾಖೆಗಳ ಕಛೇರಿಗಳಿರುವುದಕ್ಕೆ ಇದನ್ನು ಹೋಲಿಸಬಹುದು. ಬಂದವರು ಯಾವ ಕಛೇರಿಗೆ ಹೋಗಬೇಕೆಂದು ಬಾಗಿಲಲ್ಲೇ ತಿಳಿಸಿದರೆ ಮಾತ್ರ ಸರಿಯಾದ ಕೊಠಡಿಯನ್ನು ತೋರಿಸಲು ಸಾಧ್ಯ.

ಪ್ರಮಾಣಪತ್ರದ ಆಯ್ಕೆ

ಸುರಕ್ಷಿತ ಸಂಪರ್ಕ ಏರ್ಪಡುವ ಮುನ್ನ ಜಾಲತಾಣವು ತನ್ನ ಹೆಸರುಳ್ಳ ಪ್ರಮಾಣಪತ್ರವನ್ನು ತೋರಿಸಬೇಕು. ಗಣಕ ಮತ್ತು ಸರ್ವರ್‌ಗಳ ನಡುವಿನ ಈ ಆರಂಭಿಕ ವಿನಿಮಯಕ್ಕೆ ತಂತ್ರಜ್ಞರು ಹ್ಯಾಂಡ್‌ಶೇಕ್ ಎನ್ನುತ್ತಾರೆ. ಹಿಂದೆ ಇದರಲ್ಲಿ ಒಂದು ತೊಡಕಿತ್ತು. ಬೇಕಾದ ತಾಣದ ಹೆಸರನ್ನು ಬ್ರೌಸರ್ ತಿಳಿಸುತ್ತಿದ್ದುದು ಸುರಕ್ಷಿತ ಸಂಪರ್ಕ ಏರ್ಪಟ್ಟ ನಂತರ. ಆದರೆ ಪ್ರಮಾಣಪತ್ರವನ್ನು ಅದಕ್ಕೂ ಮೊದಲೇ ತೋರಿಸಬೇಕಿತ್ತು. ಹಲವು ತಾಣಗಳಿದ್ದಲ್ಲಿ ಯಾವ ಪ್ರಮಾಣಪತ್ರ ನೀಡಬೇಕೆಂಬುದು ಸರ್ವರ್‌ಗೆ ತಿಳಿಯುತ್ತಿರಲಿಲ್ಲ.

ಇದಕ್ಕೆ ಪರಿಹಾರವಾಗಿ 2003ರಲ್ಲಿ ಸರ್ವರ್ ನೇಮ್ ಇಂಡಿಕೇಶನ್ ಎಂಬ ವಿಧಾನವನ್ನು ರೂಪಿಸಲಾಯಿತು. ಇದರಂತೆ ಬ್ರೌಸರ್ ತನ್ನ ಮೊದಲ ಸಂದೇಶದಲ್ಲಿಯೇ ತಾಣದ ಹೆಸರನ್ನು ತಿಳಿಸುತ್ತದೆ. ಸರ್ವರ್ ಆ ಹೆಸರಿಗೆ ಸಲ್ಲುವ ಪ್ರಮಾಣಪತ್ರವನ್ನು ಆ ಕ್ಷಣದಲ್ಲಿಯೇ ಆರಿಸಿ ಕಳುಹಿಸುತ್ತದೆ. ಬಳಿಕ ಬ್ರೌಸರ್ ಮುಖ್ಯವಾಗಿ ಮೂರು ಅಂಶಗಳನ್ನು ಪರಿಶೀಲಿಸುತ್ತದೆ: ಕೇಳಿದ ಹೆಸರು ಪ್ರಮಾಣಪತ್ರದಲ್ಲಿದೆಯೇ, ಅದರ ಅವಧಿ ಚಾಲ್ತಿಯಲ್ಲಿದೆಯೇ, ಅದನ್ನು ನೀಡಿದ ಸಂಸ್ಥೆ ವಿಶ್ವಾಸಾರ್ಹವೇ. ಯಾವುದೊಂದು ತಾಳೆಯಾಗದಿದ್ದರೂ ಎಚ್ಚರಿಕೆ ಮೂಡುತ್ತದೆ.

ಎಚ್ಚರಿಕೆಗೆ ಕಾರಣಗಳು

ಎಲ್ಲ ಎಚ್ಚರಿಕೆಗಳೂ ವಂಚನೆಯ ಸೂಚನೆಗಳಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ತಾಣದ ಹೆಸರನ್ನು ಮೊದಲೇ ತಿಳಿಸಲಾರದು. ಆಗ ಸರ್ವರ್ ಬೇರೊಂದು ತಾಣದ ಪ್ರಮಾಣಪತ್ರವನ್ನು ನೀಡಬಹುದು. ಹಳೆಯ ಗಣಕದೊಳಗಿನ ಸಣ್ಣ ಬ್ಯಾಟರಿ ಕ್ಷೀಣಿಸಿದ್ದಲ್ಲಿ, ಮಳೆಗಾಲದಲ್ಲಿ ವಿದ್ಯುತ್ ಹೋಗಿ ಬಂದ ಮೇಲೆ ದಿನಾಂಕ ಹಿಂದಿನ ವರ್ಷಗಳಿಗೆ ಸರಿದಿರುತ್ತದೆ. ಆಗ ಸರಿಯಾದ ಪ್ರಮಾಣಪತ್ರವೂ ಅಸಿಂಧುವೆಂದು ತೋರುತ್ತದೆ. ತಾಣದ ನಿರ್ವಾಹಕರು ಸಕಾಲದಲ್ಲಿ ನವೀಕರಿಸದಿರುವುದೂ ಒಂದು ಕಾರಣ. ಆದರೆ ನಡುವೆ ನುಸುಳಿದ ವಂಚಕರ ತಾಣವೂ ಇದೇ ಎಚ್ಚರಿಕೆಗೆ ಕಾರಣವಾಗಬಹುದು. ಪರದೆಯನ್ನು ನೋಡಿದ ಮಾತ್ರಕ್ಕೆ ಇವುಗಳ ವ್ಯತ್ಯಾಸ ತಿಳಿಯದು. ಆದ್ದರಿಂದ ಕಾರಣ ತಿಳಿಯುವವರೆಗೆ ಮುಂದುವರಿಯಬಾರದು.

ಎಚ್ಚರಿಕೆ ಮೂಡದಿದ್ದರೂ ತಾಣ ಪ್ರಾಮಾಣಿಕವೆಂದು ಭಾವಿಸುವಂತಿಲ್ಲ. ಹೋಲುವ ಹೆಸರೊಂದನ್ನು ನೋಂದಾಯಿಸಿದವರೂ ಆ ಹೆಸರಿಗೆ ಪ್ರಮಾಣಪತ್ರ ಪಡೆಯಬಲ್ಲರು. ಪ್ರಮಾಣಪತ್ರವು ಹೆಸರನ್ನು ದೃಢಪಡಿಸುತ್ತದೆ; ಆ ಹೆಸರು ನಮಗೆ ಬೇಕಾದದ್ದೇ ಎಂಬುದನ್ನು ನಾವೇ ಓದಿ ನೋಡಬೇಕು. ಇ-ಸ್ವತ್ತು ತಾಣದ ಹೆಸರು ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ಈ ಪದಗಳು ಹೆಸರಿನ ಮಧ್ಯದಲ್ಲಿದ್ದು, ಕೊನೆಯಲ್ಲಿ ಬೇರೇನಾದರೂ ಇದ್ದಲ್ಲಿ ಅದು ಸರ್ಕಾರದ ತಾಣವಲ್ಲ.

ಪಾಲಿಸಬೇಕಾದ ಕ್ರಮಗಳು

1. ಎಚ್ಚರಿಕೆ ಮೂಡಿದಾಗ ಮೊದಲು ಗಣಕದ ದಿನಾಂಕ ಮತ್ತು ಸಮಯವನ್ನು, ನಂತರ ತಾಣದ ಹೆಸರಿನ ಅಕ್ಷರಗಳನ್ನು ಪರಿಶೀಲಿಸುವುದು.

2. ಎರಡೂ ಸರಿಯಿದ್ದರೂ ಎಚ್ಚರಿಕೆ ಉಳಿದಲ್ಲಿ ಪಾಸ್‌ವರ್ಡ್ ನಮೂದಿಸದೆ, ಡಿಜಿಟಲ್ ಸಹಿಯ ಟೋಕನ್ ಜೋಡಿಸದೆ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಮೂಲಕ ತಾಲ್ಲೂಕು ಪಂಚಾಯತಿಗೆ ತಿಳಿಸುವುದು.

3. ಜಾಲತಾಣದ ಪ್ರಮಾಣಪತ್ರ ಬೇರೆ, ಡಿಜಿಟಲ್ ಸಹಿ ಬೇರೆ. ಮೊದಲನೆಯದು ತಾಣದ ಗುರುತು. ಎರಡನೆಯದು ಸಹಿ ಮಾಡುವ ವ್ಯಕ್ತಿಯ ಗುರುತು. ಟೋಕನ್ ಮತ್ತು ಅದರ ಪಿನ್ ಸಂಖ್ಯೆಯನ್ನು ಇತರರಿಗೆ ನೀಡಬಾರದು.

4. ಪಂಚಾಯತಿಯು ಸ್ವಂತ ಜಾಲತಾಣ ಹೊಂದಲು ನಿರ್ಣಯಿಸುವಾಗ, ತಾಣದ ಎಲ್ಲ ಹೆಸರುಗಳೂ ಪ್ರಮಾಣಪತ್ರದಲ್ಲಿರಬೇಕೆಂದು ಹಾಗೂ ನವೀಕರಣದ ಹೊಣೆ ಯಾರದೆಂದು ಕರಾರಿನಲ್ಲಿ ನಮೂದಿಸುವುದು. 2020ರ ಸೆಪ್ಟೆಂಬರ್‌ನಿಂದ ಗರಿಷ್ಠ 398 ದಿನಗಳಿದ್ದ ಪ್ರಮಾಣಪತ್ರದ ಅವಧಿಯನ್ನು 2026ರ ಮಾರ್ಚ್ 15ರಿಂದ 200 ದಿನಗಳಿಗೆ, 2029ರ ಮಾರ್ಚ್ 15ರಿಂದ 47 ದಿನಗಳಿಗೆ ಇಳಿಸಲು ನಿಗದಿಯಾಗಿದೆ. ವರ್ಷಕ್ಕೊಮ್ಮೆ ನವೀಕರಿಸುವ ಕ್ರಮ ಇನ್ನು ಸಾಲದು. ತಾನಾಗಿಯೇ ನವೀಕರಣಗೊಳ್ಳುವ ವ್ಯವಸ್ಥೆಯನ್ನು ಕೇಳಿ ಪಡೆಯುವುದು.

ಮಾನ್ಯ ಸದಸ್ಯರು ಈ ಅಂಶಗಳನ್ನು ಸಾಮಾನ್ಯ ಸಭೆಯಲ್ಲಿ ಚರ್ಚಿಸಿ, ಬಾಪೂಜಿ ಸೇವಾ ಕೇಂದ್ರದ ಸಿಬ್ಬಂದಿಗೂ ಮನವರಿಕೆ ಮಾಡಿಕೊಡಬೇಕೆಂದು ಕೋರಲಾಗಿದೆ.