ನಾಮಿನಿಯು ಒಡೆಯನಲ್ಲ: ವರ್ತಕರಿಗೆ ಉಯಿಲಿನ ಅಗತ್ಯ

ಬ್ಯಾಂಕ್ ಠೇವಣಿಗೂ ಷೇರುಗಳಿಗೂ ಪತ್ನಿಯನ್ನು ನಾಮಿನಿಯಾಗಿ ಸೂಚಿಸಿದರೆ ಆಕೆಯ ಜೀವನ ಭದ್ರವಾಯಿತೆಂದು ಅನೇಕ ವರ್ತಕರು ಭಾವಿಸುವುದುಂಟು. ಇದು ತಪ್ಪು ತಿಳಿವಳಿಕೆ. ನಾಮಿನಿಯು ಹಣವನ್ನು ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವನೇ ಹೊರತು ಅದರ ಒಡೆಯನಲ್ಲ. ಷೇರುಗಳ ವಿಷಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು 2023ರ ಡಿಸೆಂಬರ್‌ನಲ್ಲಿ ಇದನ್ನೇ ಸ್ಪಷ್ಟಪಡಿಸಿದೆ. ಜೀವವಿಮೆಯ ಸ್ಥಿತಿ ಬೇರೆ: 2015ರ ತಿದ್ದುಪಡಿಯನ್ವಯ ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳು ನಾಮಿನಿಗಳಾಗಿದ್ದರೆ ವಿಮೆಯ ಹಣವು ಸಾಮಾನ್ಯವಾಗಿ ಅವರಿಗೇ ಸಲ್ಲುತ್ತದೆ.

ಹಿಂದೂ ಪುರುಷನು ಉಯಿಲು ಬರೆಯದೆ ಮೃತನಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವನ ಸ್ವಯಾರ್ಜಿತ ಆಸ್ತಿಯು ತಾಯಿ, ಪತ್ನಿ, ಪುತ್ರ, ಪುತ್ರಿಯರಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಉದಾಹರಣೆಗೆ, ತಾಯಿ, ಪತ್ನಿ, ಒಬ್ಬ ಪುತ್ರ, ಇಬ್ಬರು ಪುತ್ರಿಯರುಳ್ಳವನ 10 ಲಕ್ಷ ರೂಪಾಯಿ ಠೇವಣಿಯಲ್ಲಿ, ನಾಮಿನಿಯಾಗಿದ್ದರೂ ಪತ್ನಿಗೆ ದಕ್ಕುವುದು 2 ಲಕ್ಷ ಮಾತ್ರ.

ಇದಕ್ಕೆ ಪರಿಹಾರ ಉಯಿಲು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ. ನೋಂದಣಿಯೂ ಕಡ್ಡಾಯವಲ್ಲ, ಆದರೆ ವ್ಯಾಜ್ಯ ಬಂದಾಗ ನೆರವಾಗುತ್ತದೆ. ಬರೆದವರು ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ ಸಹಿ ಮಾಡಬೇಕು. ಸಾಕ್ಷಿಗಳೂ ಅವರೆದುರಿನಲ್ಲೇ ಸಹಿ ಹಾಕಬೇಕು.

ಪ್ರತಿವರ್ಷ ಮಾರ್ಚ್‌ನಲ್ಲಿ ಲೆಕ್ಕಪತ್ರ ಮುಗಿಸುವಾಗ ನಾಮಿನಿಗಳ ಪಟ್ಟಿಯನ್ನು ಉಯಿಲಿನೊಡನೆ ತಾಳೆ ನೋಡುವುದು ಒಳಿತು. ಉಯಿಲು ಎಲ್ಲಿದೆಯೆಂಬುದು ಮನೆಯವರಿಗೂ ತಿಳಿದಿರಲಿ.